ವಿಶ್ವನಾಥಪ್ಪನವರ ವೆಬ್‌ಸೈಟಿನ ಬಂಧುಬಳಗ

ನಾಸಿಕದ ಅಂಬಡ್‌ನ ಕಾರ್ಖಾನೆಗಳ ನಡುವೆ ಇದ್ದ ವಿಶ್ವನಾಥಪ್ಪನವರ ಶೆಡ್ಡಿಗೆ ಹೋದವರು ಯಾರೂ ಬಂದ ಕೆಲಸವನ್ನು ಕೂಡಲೇ ಹೇಳಿ ಪಾರಾದದ್ದಿಲ್ಲ. ಮೊದಲು ಕೂರಬೇಕು, ಚಹಾ ಕುಡಿಯಬೇಕು. ಯಾವ ಊರು, ಯಾರ ಪೈಕಿ, ಬೀದರ ಕಡೆ ಬೀಗರು ಯಾರಾದರೂ ಇದ್ದಾರೆಯೇ ಎಂಬುದನ್ನೆಲ್ಲ ಒಪ್ಪಿಸಬೇಕು. ಗಿರಣಿಯ ಮಾತು ಆಮೇಲೆ. ಅವರು ಮಾಡಿ ಮಾರುತ್ತಿದ್ದದ್ದು ಮರಾಠಿಯವರು ಘರ್‌ಘಂಟಿ ಎನ್ನುವ, ಅಡುಗೆಮನೆಯ ಮೂಲೆಯಲ್ಲಿಟ್ಟುಕೊಂಡು ಜೋಳ, ಗೋಧಿ ಬೀಸಿಕೊಳ್ಳುವ ಪುಟ್ಟ ಗಿರಣಿ. ಭಾಲ್ಕಿಯಿಂದ ನಾಸಿಕಕ್ಕೆ ಬಂದು ಕೂದಲು ನೆರೆತರೂ ಆ ಮನುಷ್ಯನಿಗೆ ಅವಸರವೆಂಬುದು ಅಂಟಿರಲಿಲ್ಲ. ಗಿರಣಿ ಒಳ್ಳೆಯದಿತ್ತು, ಹಾಗಾಗಿ ಜನ ಸಹಿಸಿಕೊಂಡಿದ್ದರು.

ಎರಡು ಸಾವಿರದ ಹದಿನಾಲ್ಕರಲ್ಲಿ ಅವರು ತಂಗಿ ಮಂಜುಶ್ರೀಗೆ ಔರಂಗಾಬಾದಿನಲ್ಲಿ ಈ ಗಿರಣಿ ಮಾರುವ ಅಂಗಡಿ ಹಾಕಿಕೊಟ್ಟರು. ಗಂಡ ತೀರಿಕೊಂಡ ಮೇಲೆ ಅವಳು ಕಲಬುರಗಿಯ ಅತ್ತೆಮನೆಯಲ್ಲಿ ಇಡೀ ಕುಟುಂಬಕ್ಕೆ ರೊಟ್ಟಿ ಬಡಿಯುತ್ತ, ಯಾರ ಎದುರಿಗೂ ಬಾರದೆ ದಿನ ದೂಡುತ್ತಿದ್ದಳು. ಅಂಗಡಿ ನಡೆದರೆ ಅವಳ ಬದುಕು ಅವಳ ಕೈಯಲ್ಲಿ. ನಡೆಯದಿದ್ದರೆ ದೀಪಾವಳಿಗೆ ಶಟರ್ ಎಳೆದು ಮತ್ತೆ ಅದೇ ಒಲೆಯ ಮುಂದೆ. ಗಲ್ಲಿಯೊಳಗಿನ ಅಂಗಡಿ, ನೊಣ ಕೂಡ ಹಾದಿ ಕೇಳಿಕೊಂಡು ಬರಬೇಕಿತ್ತು.

ಉಪಾಯ ಹೇಳಿದವಳು ಊರ್ಮಿಳಾ. ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದ ಧಾರವಾಡದ ಎಂಜಿನಿಯರರ ಮಗಳು. ಇಂಟರ್ನೆಟ್ಟಿನಲ್ಲಿ ಜಾಹೀರಾತು ನಡೆಸಿಕೊಡುವುದು ಅವಳ ಕೆಲಸ.

"ಕಾಕಾ, ಔರಂಗಾಬಾದ್‌ನಾಗ ಯಾರರ ಘರ್‌ಘಂಟಿ ಅಂತ ಗೂಗಲ್‌ದಾಗ ಹುಡುಕಿದ್ರ ನಮ್ಮ ಜಾಹೀರಾತ ಕಾಣಸ್ತದ. ಅದನ್ನ ಒತ್ತಿದ್ರ ನಮ್ಮ ಪೇಜ್ ತೆರೀತದ."

"ಜಾಹೀರಾತ ನೀ ನೋಡ್ಕೊ ಬೇಟಾ. ಪೇಜ್ ನಾನೇ ಮಾಡಸ್ತೀನಿ," ಎಂದರು ವಿಶ್ವನಾಥಪ್ಪ. ಎಡವಟ್ಟಾದದ್ದು ಅಲ್ಲೇ.

ಅವರ ಲೆಕ್ಕದಲ್ಲಿ ಲಗ್ನಪತ್ರಿಕೆಗಿಂತ ಮರ್ಯಾದೆಯ ಬರಹ ಲೋಕದಲ್ಲಿ ಬೇರೊಂದಿಲ್ಲ. ಪುಟ ಹಾಗೆಯೇ ಆಯಿತು. ಮೇಲೆ ಮನೆದೇವರು, ಕೆಳಗೆ ಮಠದ ಗುರುಗಳ ಆಶೀರ್ವಾದ, ಮಾಲೆ ಹಾಕಿದ ತಂದೆಯವರ ಫೋಟೋ. ಅಲ್ಲಿಂದ ಮುಂದೆ 'ಸುಖಾಗಮನ ಬಯಸುವವರು' ಎಂದು ಕಾಕಾ, ಮಾವ, ಅಳಿಯ, ಬೀಗರು, ಎಲ್ಲರೂ ಪದವಿ ಹುದ್ದೆಗಳ ಸಮೇತ. 'ನಮ್ಮ ಅಜ್ಜನ ಅಂಗಡಿಗೆ ಬರಲೇಬೇಕು ಹಾಂ' ಎಂದು ಇನ್ನೂ ಮಾತು ಬಾರದ ಮೊಮ್ಮಗುವಿನ ಹೆಸರಲ್ಲೊಂದು ಸಾಲು. ಪುಟ ತೆರೆದರೆ ಶಹನಾಯಿ. ಗಿರಣಿ ಇತ್ತೇ? ಇತ್ತು. ಪತ್ರಿಕೆಯಲ್ಲಿ ಊಟದ ವೇಳೆ ಹಾಕುವ ಜಾಗದಲ್ಲಿ, ಎಲ್ಲಕ್ಕಿಂತ ಕೆಳಗೆ.

ಶ್ರಾವಣ ಕಳೆದರೂ ಔರಂಗಾಬಾದಿನ ಅಂಗಡಿಗೆ ಗಿರಾಕಿ ಬರಲಿಲ್ಲ. ಊರ್ಮಿಳಾ ಲ್ಯಾಪ್‌ಟಾಪ್ ತಂದು ತೋರಿಸಿದಳು. ಪುಟದ ಮುಂದೆ ಗೂಗಲ್ ಕೊಟ್ಟ ದರ್ಜೆ: ಸರಾಸರಿಗಿಂತ ಕೆಳಗೆ.

ವಿಶ್ವನಾಥಪ್ಪ ಕೆಂಡವಾದರು. "ನಮ್ಮ ಮನೆತನ ಸರಾಸರಿಗಿಂತ ಕೆಳಗ? ಹಂಗಂದಂವ ಯಾರು?"

"ಯಾರೂ ಅಲ್ಲ ಕಾಕಾ. ಮಶೀನೇ ನೋಡ್ತದ."

"ಮಶೀನಿಗೆ ಮನೆತನ ಏನ್ ತಿಳೀತದ? ಒಳಗ ಒಬ್ಬ ಸಾಹೇಬ ಇದ್ದೇ ಇರತಾನ. ನಿಫಾಡದ ಒಣದ್ರಾಕ್ಷಿ ಒಂದ್ ಪೆಟ್ಟಿಗಿ ಒಯ್ದು ಮಾತಾಡಿ ಬರೋಣ ನಡಿ."

ಊರ್ಮಿಳಾ ತಾಳ್ಮೆಯಿಂದ ತಿಳಿಸಿದಳು. ಹುಡುಕಿದವರಿಗೆ ಬೇಕಾದ್ದು ಪುಟದಲ್ಲಿ ಕಣ್ಣಿಗೆ ಬೀಳುತ್ತದೆಯೇ, ಪುಟ ಬೇಗ ತೆರೆಯುತ್ತದೆಯೇ, ವ್ಯಾಪಾರ ಯಾರದು, ಯಾರಿಗೆ ಫೋನ್ ಮಾಡಬೇಕು ಎಂಬುದು ಸ್ಪಷ್ಟವಾಗಿದೆಯೇ ಎಂದು ಗೂಗಲ್ ನೋಡುತ್ತದೆ. ಅದೇ ಹುಡುಕಾಟದ ಮಾತಿಗೆ ಜಾಹೀರಾತು ಹಾಕಿದ ಉಳಿದವರ ಪುಟಗಳ ಜೊತೆ ಹೋಲಿಸುತ್ತದೆ. ದರ್ಜೆ ಕೆಟ್ಟರೆ ಜಾಹೀರಾತು ಹಿಂದೆ ಬೀಳುತ್ತದೆ, ಮುಂದೆ ಬರಬೇಕೆಂದರೆ ಹೆಚ್ಚು ಖರ್ಚು.

"ಜ್ವಾಳ ಬೀಸೋ ಮಶೀನ ಹುಡುಕೋ ಹೆಣಮಗಳಿಗೆ ನಿಮ್ಮ ಸೋದರಮಾವ ಯಾಕ ಬೇಕು, ಕಾಕಾ?"

ಶಹನಾಯಿ ಹೋಯಿತು. ಬೀಗರು ಹೋದರು. "ನನ್ನ ತವರಿನವರನ್ನೇ ಮೊದಲ ತೆಗದ್ರಿ?" ಎಂದು ಹೆಂಡತಿ ಪ್ರೇಮಾಬಾಯಿ ಒಂದು ಹೊತ್ತು ಮಾತು ಬಿಟ್ಟರು. ಸೋದರಮಾವನನ್ನು ತೆಗೆಯುವಾಗಲಂತೂ ವಿಶ್ವನಾಥಪ್ಪ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕುರ್ಚಿ ಹಿಡಿದುಕೊಂಡಿದ್ದರು. ಪುಟ ಹಗುರಾಯಿತು, ದರ್ಜೆ ಮಾತ್ರ ಅಲುಗಲಿಲ್ಲ.

"ಈಗರ ಹೇಳ್ರಿ ಕಾಕಾ, ಆ ಅಂಗಡಿ ಯಾರದು? ಯಾರಿಗೆ ಫೋನ್ ಮಾಡಬೇಕು? ಇಲ್ಲಿ ಬರೇ ಶೆಡ್ಡಿನ ನಂಬರ್ ಅದ."

"ಮಂಜುಂದು. ಆಕೀ ಹೆಸರು ಹಾಕೀವಲ್ಲ?"

ಇರಲಿಲ್ಲ. ಹಳೆಯ ಪುಟ ತೆರೆಸಿ ಮೇಲಿಂದ ಕೆಳಗೆ ಹುಡುಕಿದರು. ಮಾತು ಬಾರದ ಕೂಸಿತ್ತು, ಎಂದೋ ತೀರಿಕೊಂಡ ದೊಡ್ಡಪ್ಪನಿದ್ದ. ಅಂಗಡಿಯಲ್ಲಿ ಕೂತವಳೇ ಇರಲಿಲ್ಲ.

ಪ್ರೇಮಾಬಾಯಿ ಮೆಲ್ಲಗೆ ಹೇಳಿದರು: "ಗಂಡ ಹೋದ ಮ್ಯಾಲ ಆಕೀ ಹೆಸರು ಪತ್ರಿಕಿಯೊಳಗ ಹಾಕೂದು ಬಿಟ್ಟೀವಲ್ರೀ. ಅದೇ ರೂಢಿ ಬಂದದ."

ಬಿಡು ಎಂದು ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಬಿಟ್ಟಿತ್ತು. ವಿಶ್ವನಾಥಪ್ಪನವರಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಂಗಿಗೆ ಫೋನ್ ಹಚ್ಚಿದರು.

"ಮಂಜು, ನಮ್ಮ ಪೇಜ್ ನೋಡಿದ್ದಿ ಏನು?"

"ಮೊದಲನೇ ದಿನಾನೇ ನೋಡೀನಿ ಅಣ್ಣಾ."

"ಮತ್ತ ನನಗ ಹೇಳಬಾರದೇನು?"

"ಏನಂತ ಹೇಳ್ಲಿ? ಪತ್ರಿಕಿ ಛಂದ ಆಗಿತ್ತು."

ಫೋನಿಟ್ಟರು. ಆ ಹೊತ್ತಿಗೆ ಶೆಡ್ಡಿಗೆ ಬಂದ ಗಿರಾಕಿಯೊಬ್ಬ ಯಾರೂ ಊರು ಕೇಳದೆಯೇ ಗಿರಣಿ ಕೊಂಡುಹೋದ. ಆಮೇಲೆ ಊರ್ಮಿಳಾಗೆ ಹೇಳಿದರು: "ಎಲ್ಲಾರನ್ನೂ ತೆಗಿ."

"ನಿಮ್ಮ ಅಪ್ಪಾರನ್ನೂ?"

"ಅಪ್ಪನ್ನೂ ತೆಗಿ. ಅಂಗಡಿಯೊಳಗ ಕೂತಾಕಿ ಆಕೀ."

ಹೊಸ ಪುಟದಲ್ಲಿ ಗಿರಣಿಯ ಫೋಟೋ, ಅದರ ಬೆಲೆ, ಅದರಲ್ಲಿ ಬೀಸಬಹುದಾದ ಕಾಳು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಮಂಜುಶ್ರೀಯ ಹೆಸರು, ಅವಳ ಫೋನ್ ನಂಬರು. ನವರಾತ್ರಿಯ ಹೊತ್ತಿಗೆ ದರ್ಜೆ ಸರಾಸರಿಗೆ ಏರಿತು. "ಬರೇ ಸರಾಸರಿ?" ಎಂದು ಗೊಣಗಿದರೂ ವಿಶ್ವನಾಥಪ್ಪ ಎಲ್ಲರಿಗೂ ಪೇಢೆ ಹಂಚಿದರು.

ಸುದ್ದಿ ಭಾಲ್ಕಿ ಮುಟ್ಟಿತು. ಸೋದರಮಾವನ ಫೋನ್ ಬಂತು. "ಎಲ್ಲಾರನ್ನೂ ಕಿತ್ತು ಒಗದು ಆಕೀ ಒಬ್ಬಾಕಿ ಹೆಸರು ಇಟ್ಟೀಯೇನೋ? ಅದೂ ಎಲ್ಲಾಕ್ಕಿಂತ ಮ್ಯಾಲ! ಶುಭ ಅಶುಭ ಅನ್ನೂದು ಅದನೋ ಇಲ್ಲೋ?"

ಹುಟ್ಟಿದಾಗಿನಿಂದ ಮಾವನಿಗೆ ಎದುರಾಡದ ಮನುಷ್ಯ ಒಮ್ಮೆ ಗಂಟಲು ಸರಿಮಾಡಿಕೊಂಡರು. "ಮಾವಾ, ಆ ಅಂಗಡಿ ಆಕೀದು. ಹೇಳೂದಿದ್ರ ಆಕೀಗೇ ಹೇಳ್ರಿ. ನಂಬರ್ ಅಲ್ಲೇ ಅದ."

ಸಂಜೆ ಮಾವ ಮತ್ತೆ ಫೋನ್ ಮಾಡಿದರು. ಸಿಟ್ಟು ಇಮ್ಮಡಿಯಾಗಿತ್ತು.

"ಮಧ್ಯಾಹ್ನದಿಂದ ಹಚ್ಚಲತ್ತೀನಿ. ಯಾವಾಗ ಹಚ್ಚಿದ್ರೂ ಆಕೀ ಫೋನ್ ಎಂಗೇಜ್!"