ಹಿಟ್ಟಿನ ಮಿಲ್ಲಿನಲ್ಲಿ ನಾನು ಮಾಡಿದ ಪಾಠ

ಎದುರುಬದುರಾಗಿ ಎರಡು ಅಂಗಡಿ ಕಂಡರೆ ಸಾಕು, ನನ್ನ ತಲೆಯೊಳಗೆ ನಾಲ್ಕು ಮನೆಯ ಒಂದು ಚೌಕ ಮೂಡಿಬಿಡುತ್ತದೆ. ಇವನು ಬೆಲೆ ಇಳಿಸಿದರೆ ಅವನೇನು ಮಾಡುತ್ತಾನೆ, ಅವನು ಸುಮ್ಮನಿದ್ದರೆ ಇವನಿಗೇನು ಲಾಭ ಎಂದು ಯೋಚಿಸುತ್ತ ನಿಂತು, ತರಬೇಕಾದ ಸಾಮಾನು ಮರೆತು ಮನೆಗೆ ಬರುವವನು ನಾನು. ಚಿಂತಾಮಣಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಅದರಲ್ಲಿ ಗೇಮ್ ಥಿಯರಿ, ಅಂದರೆ ಒಬ್ಬನ ನಡೆಗೆ ಇನ್ನೊಬ್ಬನ ಎದುರುನಡೆ ಏನೆಂದು ಲೆಕ್ಕ ಹಾಕುವ ವಿದ್ಯೆ, ನನಗೆ ಚಟವಾಗಿ ಅಂಟಿಕೊಂಡಿದೆ. ಆ ಚಟದಿಂದಾದ ಒಂದು ಅನಾಹುತವನ್ನು ಹೆಂಡತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಎರಡು ಹಿಟ್ಟಿನ ಮಿಲ್ಲುಗಳಿವೆ. ವೆಂಕಟಲಕ್ಷ್ಮಮ್ಮನವರದರಲ್ಲಿ ರಾಗಿ, ಗೋಧಿ, ಅಕ್ಕಿ. ಎದುರಿನ ನರಸಿಂಹಪ್ಪನವರದರಲ್ಲಿ ಮೆಣಸಿನಕಾಯಿ, ಧನಿಯ ಮಾತ್ರ. ಹದಿನೈದು ವರ್ಷದಿಂದ ಹೀಗೇ ನಡೆದಿತ್ತು. ಆಕೆ ಊಟಕ್ಕೆ ಹೋದರೆ ಈತ ಎರಡೂ ಬಾಗಿಲು ಕಾಯುತ್ತಿದ್ದರು. ಈತನ ಮೆಷಿನ್ನಿನ ಬೆಲ್ಟು ಹರಿದರೆ ಆಕೆಯ ಗೋಡೆಗೆ ತೂಗುಹಾಕಿದ್ದ ಬೆಲ್ಟು ರಸ್ತೆ ದಾಟುತ್ತಿತ್ತು.

ಒಂದು ಭಾನುವಾರ ರಾಗಿ ಬೀಸಿಸಲು ಹೋದವನು, ಕಾಯುವ ಬೇಸರಕ್ಕೆ, ಹಿಟ್ಟು ಕೂತಿದ್ದ ಬೆಂಚಿನ ಮೇಲೆ ಬೆರಳಿನಿಂದ ನನ್ನ ಚೌಕ ಬರೆದೆ.

"ನೋಡಿ, ನೀವು ಖಾರದ ಮೆಷಿನ್ ಹಾಕ್ತೀರಿ, ಅವರು ಸುಮ್ಮನಿರ್ತಾರೆ. ಎರಡೂ ವ್ಯಾಪಾರ ನಿಮ್ಮದೇ" ಎಂದೆ.

ವೆಂಕಟಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಖಾಲಿ ಬಿಟ್ಟಿದ್ದ ಕೊನೆಯ ಮನೆಯ ಮೇಲೆ ಬೆರಳಿಟ್ಟರು. "ಆಯಪ್ಪನೂ ರಾಗಿ ಮೆಷಿನ್ ಹಾಕಿದ್ರೆ ಸಾರ್?"

ಕೇಳಬೇಕಾದ ಪ್ರಶ್ನೆಯೇ ಅದು. ಇಬ್ಬರೂ ತಂತಮ್ಮ ಲಾಭ ನೋಡಿಕೊಂಡು ಇಬ್ಬರೂ ಕೆಡುವ ಮನೆ ಅದು. ತರಗತಿಯಲ್ಲಿ ಅದನ್ನು ವಿವರಿಸಲು ನನಗೆ ಒಂದು ಗಂಟೆ ಸಾಲುವುದಿಲ್ಲ. ಆವತ್ತು ಡಬ್ಬ ಹಿಡಿದು ಕಾಯುತ್ತಿದ್ದ ಅಷ್ಟು ಜನರ ಮುಂದೆ ನನ್ನ ಜಾಣತನಕ್ಕೆ ಕುಂದು ಬರಬಾರದೆಂದು, "ಅವರಿಗೆಲ್ಲಿ ಬರಬೇಕು ಅಷ್ಟು ಧೈರ್ಯ!" ಎಂದು ನಕ್ಕು, ಡಬ್ಬ ಎತ್ತಿಕೊಂಡು ಬಂದುಬಿಟ್ಟೆ.

ಒಂದು ತಿಂಗಳಲ್ಲಿ ಆಕೆಯ ಮಿಲ್ಲಿಗೆ ಖಾರದ ಮೆಷಿನ್ ಬಂತು. ಮರುತಿಂಗಳು ಎದುರಿಗೆ ರಾಗಿಯದು ಬಂತು. ಒಂದೇ ಕೋಣೆಯಲ್ಲಿ ಎರಡನ್ನೂ ಬೀಸಿ ಇಡೀ ಬೀದಿಯ ಮುದ್ದೆ ಖಾರವಾಯಿತು. ನಮ್ಮ ಮನೆಯಲ್ಲಿ ಸಾರು ಬಡಿಸುವ ಮೊದಲೇ ಕಣ್ಣಲ್ಲಿ ನೀರು. ಜನ ಡಬ್ಬ ಹೊತ್ತುಕೊಂಡು ಮುಂದಿನ ಬೀದಿಯ ಮಿಲ್ಲಿಗೆ ನಡೆದರು. ಇಬ್ಬರ ನಡುವೆ ಮಾತು ನಿಂತಿತು. ಬೆಲ್ಟು ಹರಿದು ನರಸಿಂಹಪ್ಪನವರು ಎರಡು ದಿನ ಬಾಗಿಲು ಹಾಕಿದಾಗಲೂ ಎದುರಿನ ಬೆಲ್ಟು ಗೋಡೆ ಬಿಟ್ಟು ಇಳಿಯಲಿಲ್ಲ.

ನಾನು ಪ್ಯಾಕೆಟ್ ಹಿಟ್ಟು ತರತೊಡಗಿದೆ. ಮಿಲ್ಲುಗಳ ಮುಂದೆ ಹಾಯುವಾಗ ಫೋನು ಕಿವಿಗಿಟ್ಟುಕೊಂಡು ಯಾರ ಜೊತೆಗೋ ಮಾತಾಡುವಂತೆ ನಟಿಸುತ್ತಿದ್ದೆ. ಒಂದು ದಿನ ಕಿವಿಯಲ್ಲಿದ್ದ ಫೋನು ನಿಜವಾಗಿಯೂ ರಿಂಗಾಯಿತು. ಬಾಗಿಲಲ್ಲಿ ನಿಂತಿದ್ದ ನರಸಿಂಹಪ್ಪ ನೋಡಿಬಿಟ್ಟರು. ಒಳಗೆ ಹೋಗಿ ಎಲ್ಲ ಒಪ್ಪಿಕೊಂಡೆ.

"ಗೊತ್ತು ಬಿಡಿ ಸಾರ್" ಎಂದರು. "ಆಯಮ್ಮ ಆವತ್ತೇ ಬಂದು ಕೇಳಿದ್ಲು. 'ಮೇಷ್ಟ್ರು ಹಿಂಗಂತಾರೆ, ಖಾರದ ಮೆಷಿನ್ ಹಾಕ್ಲಾ ಅಣ್ಣ' ಅಂತ. ಓದಿರೋರು ಹೇಳಿದ್ಮೇಲೆ ಹಾಕಮ್ಮಾ ಅಂದೆ. ಆಮೇಲೆ ನನ್ನ ಗಿರಾಕಿ ಆ ಕಡೆ ಹೋಗೋದು ನೋಡಿ ಹೊಟ್ಟೆ ಕೇಳ್ಲಿಲ್ಲ ಸಾರ್, ನಾನೂ ಹಾಕ್ಬಿಟ್ಟೆ."

ಗೇಮ್ ಥಿಯರಿಯ ಮೊದಲ ಪಾಠದಲ್ಲಿ ಇಬ್ಬರು ಕೈದಿಗಳು ಬರುತ್ತಾರೆ. ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿರುವುದರಿಂದ ಒಬ್ಬರನ್ನೊಬ್ಬರು ಕೇಳಲಾಗದೆ, ನಂಬಲಾಗದೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಇವರ ಬಾಗಿಲುಗಳೋ ಹಗಲೆಲ್ಲ ಎದುರುಬದುರು ತೆರೆದೇ ಇದ್ದವು. ಆಕೆ ಹೋಗಿ ಕೇಳಿಯೂ ಇದ್ದರು. ನಡುವೆ ಗೋಡೆ ಎಬ್ಬಿಸಿದವನು ನಾನು.

ರಸ್ತೆ ದಾಟಿ ಆಕೆಗೂ ಹೇಳಿದೆ. ಆವತ್ತಿನ ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಬೇಕೆಂದೇ ನುಂಗಿಕೊಂಡೆ ಎಂದೆ.

ಆಕೆ ಮೆಷಿನ್ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಪಾಪ, ಗೊತ್ತಿಲ್ದೆ ಹೇಳಿದ್ರಿ ಅಂದ್ಕೊಂಡಿದ್ದೆ ಸಾರ್" ಎಂದರು.

ಮುಂದಿನ ವಾರ ಆಕೆಯೇ ಎದುರಿಗೆ ಹೋಗಿ ಮಾತಾಡಿದರು. ಆಕೆಯ ಖಾರದ ಮೆಷಿನ್ ಆ ಕಡೆಗೆ, ಆತನ ರಾಗಿಯದು ಈ ಕಡೆಗೆ ಎಂದಾಯಿತು. ಸಾಗಿಸುವ ದಿನ ನಾನೂ ಅಂಗಿಯ ತೋಳು ಮಡಿಸಿಕೊಂಡು ಹೋದೆ. ಹೋದವನೇ, ಯಾವುದನ್ನು ಮೊದಲು ಎತ್ತಬೇಕೆಂದು ಹೇಳಲು ಶುರುಮಾಡಿದೆ.

"ಸಾರ್, ನೀವು ಸುಮ್ಕೆ ಅಲ್ಲಿ ಕೂತ್ಕಳ್ರಿ, ಅಷ್ಟು ಸಾಕು" ಎಂದರು ವೆಂಕಟಲಕ್ಷ್ಮಮ್ಮ.

ಕೂತೆ. ತಳ್ಳುಗಾಡಿಗೆ ಮೆಷಿನ್ ಏರಿಸಿ, ಈತ ಎಳೆಯುತ್ತ ಆಕೆ ತಳ್ಳುತ್ತ ರಸ್ತೆಯ ನಡುವೆ ಬಂದಾಗ ಆಟೋದವನೊಬ್ಬ ಅವಸರ ಮಾಡಿ ಹಾರನ್ ಹೊಡೆದ. ಇಬ್ಬರೂ ಒಟ್ಟಿಗೇ ತಿರುಗಿ, ನಮ್ಮೂರಿನ ತೆಲುಗಿನಲ್ಲಿ, ಉಸಿರು ಬಿಡದೆ ಅವನಿಗೆ ಬೈದರು. ನನಗೆ ಬರಬೇಕಾಗಿದ್ದ ಅಷ್ಟೂ ಬೈಗುಳ ಆ ಪಾಪದವನ ಪಾಲಾಯಿತು.