ಹ್ಞೂಂ ಅನ್ನಬಾರದ ಸೀಟು

ಇವತ್ತು ಬೆಳಿಗ್ಗೆ ತುಮಕೂರಿನ ಪೆಟ್ರೋಲ್ ಬಂಕೊಂದರಲ್ಲಿ ಹೆಂಡತಿಯನ್ನು ಇಳಿಸಿ ಬೈಕಿಗೆ ಪೆಟ್ರೋಲ್ ಹಾಕಿಸುತ್ತಿದ್ದೆ. ಬಿಸಿಲಿಗೆ ಕಾದ ಸೀಟಿನಿಂದ ಹಳೇ ರೆಕ್ಸಿನ್ ವಾಸನೆ ಮೇಲೆದ್ದಿತು. ಪೆಟ್ರೋಲಿನ ಘಾಟಿನ ನಡುವೆಯೂ ನನ್ನ ಮೂಗು ಅದನ್ನೇ ಹಿಡಿಯಿತು. ಈ ಸೀಟನ್ನು ಹೊಲಿದವನು ನನ್ನ ಸೋದರಮಾವ. ಮಾವ ಈಗಿಲ್ಲ. ಬೈಕು ನನಗೆ ಬಂದಿದೆ. ಬೈಕಿನ ಜೊತೆ ಇನ್ನೇನು ಬಂದಿದೆ ಎಂಬುದನ್ನು ನಿಮಗೆ ಹೇಳಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ.

ಮಾವ ಗುಬ್ಬಿಯಲ್ಲಿ ಟೈಲರ್ ಆಗಿದ್ದ. ಅತ್ತೆಗೆ ಸೊಂಟನೋವೆಂದು ಸೀಟಿನ ಹಿಂಬದಿಗೆ ಎರಡು ಬೆರಳು ಹೆಚ್ಚು ಸ್ಪಂಜು ಇಟ್ಟು, ತಾನೇ ರೆಕ್ಸಿನ್ ಹೊಲಿದಿದ್ದ. ಊರವರ ಪ್ಯಾಂಟುಗಳನ್ನೆಲ್ಲ ಬಿಗಿ ಮಾಡುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಅಳತೆಗೆ ಸರಿಯಾಗಿ ಹೊಲಿದಿದ್ದಾನೆ ಎಂದು ನಾವು ರೇಗಿಸುತ್ತಿದ್ದೆವು.

ಒಂದು ಸಲ ಇಬ್ಬರೂ ಅತ್ತೆಯ ತವರು ಕುಣಿಗಲ್ಲಿಗೆ ಹೊರಟರು. ಗುಬ್ಬಿಯ ಬಂಕಿನಲ್ಲಿ ಅತ್ತೆ ಇಳಿದಳು. ಪೆಟ್ರೋಲ್ ಹಾಕಿಸಿಕೊಂಡ ಮಾವ ಅವಳು ಹತ್ತಿದಳೋ ಇಲ್ಲವೋ ನೋಡದೆ ಕಿಕ್ ಹೊಡೆದು ಹೊರಟೇಬಿಟ್ಟ. ದಾರಿಯುದ್ದಕ್ಕೂ ಷಡ್ಡಕನನ್ನು ಬೈದ, ಯಾರದೋ ರಾಗಿ ಹೊಲವನ್ನು ಹೊಗಳಿದ. ಕುಣಿಗಲ್ ಕೆರೆ ಏರಿ ತಲುಪಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಅತ್ತೆ ಇನ್ನೂ ಗುಬ್ಬಿಯ ಬಂಕಿನಲ್ಲೇ ನಿಂತಿದ್ದಳು.

ಮನೆಗೆ ಬಂದು ಇದನ್ನು ಹೇಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮಾವ ನಗಲಿಲ್ಲ.

"ದಾರಿ ಪೂರ್ತಿ ಹ್ಞೂಂ ಅಂತಿದ್ಲು ಕಣ್ಲಾ," ಎಂದ. "ನಾನು ಒಂದೊಂದ್ ಮಾತಾಡ್ದಾಗ್ಲೂ ಹ್ಞೂಂ, ಹ್ಞೂಂ."

ಊಟಕ್ಕೆ ತಟ್ಟೆ ಇಡುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. "ನಾನ್ ಬಂಕಲ್ಲಿದ್ದೆ. ಹಂಗಾರೆ ನಿಮ್ ಹಿಂದೆ ಯಾರ್ ಕುಂತಿದ್ರು?"

ಅಂದಿನಿಂದ ನಮ್ಮವರಲ್ಲಿ ಒಂದು ಕಟ್ಟುಪಾಡು ಬಂತು. ಗಾಡಿ ಹೊರಡುವ ಮೊದಲು ಮಾವ "ಕುಂತ್ಕಂಡ್ಯಾ?" ಎಂದು ಕೇಳಬೇಕು. ಅತ್ತೆ ಬಾಯಿಬಿಟ್ಟು "ಕುಂತಿವ್ನಿ, ನಡೀರಿ" ಎನ್ನಬೇಕು. ಹ್ಞೂಂ ಎನ್ನುವಂತಿಲ್ಲ. ಮದುವೆಯಾಗಿ ಬಂದ ನನ್ನ ಹೆಂಡತಿಯೂ ಇದನ್ನು ಕಲಿತಳು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ನಾನು, ಗಾಳಿಯ ಸದ್ದು ಕಿವಿಗೆ ಹಾಗೆ ಕೇಳುತ್ತದೆ ಎಂದು ಮಾವನಿಗೆ ವಿವರಿಸಿದ್ದೂ ಉಂಟು. ಅವನು ಸಮಾಧಾನದಿಂದ ಕೇಳಿಸಿಕೊಂಡ, ನಂಬಲಿಲ್ಲ.

ಆಮೇಲೆ ಅತ್ತೆಗೆ ಕಾಯಿಲೆಯಾಯಿತು. ಮಾವ ಅದೇ ಬೈಕಿನಲ್ಲಿ ತುಮಕೂರಿಗೆ ಕರೆತಂದ. ಆಸ್ಪತ್ರೆಯ ಬಾಗಿಲಲ್ಲಿ, ಊದಿಕೊಂಡ ಕಾಲ್ಬೆರಳುಗಳಿಂದ ಕಾಲುಂಗುರ ಬಿಚ್ಚಿ ಕೊಟ್ಟು, "ಸೀಟ್ ಕೆಳಗಿಟ್ಟಿರಿ, ವಾಪಸ್ ಹೋಗೋವಾಗ ಹಾಕ್ಕಂತೀನಿ" ಎಂದಳಂತೆ. ವಾಪಸ್ ಹೋಗಲಿಲ್ಲ. ಆ ಗಡಿಬಿಡಿಯಲ್ಲಿ ಕಾಲುಂಗುರ ಯಾರಿಗೂ ನೆನಪಾಗಲಿಲ್ಲ. ಬೈಕು ತುಮಕೂರಿನ ನಮ್ಮ ಮನೆಯ ಶೆಡ್ಡಿನಲ್ಲೇ ಉಳಿಯಿತು.

ವರ್ಷದ ತಿಥಿಯ ಹಿಂದಿನ ದಿನ ಮಾವ ಬಂದ. ಕೋಲು ಊರಿಕೊಂಡು ಶೆಡ್ಡಿನ ಮುಂದೆ ನಿಂತು, "ಮುತ್ತೈದೇನ ಬರಿಗಾಲಲ್ಲಿ ಕಳಿಸ್ಬುಟ್ಟೆ ಕಣ್ಲಾ," ಎಂದ. "ನಾಳೆ ಎಡೆ ಮುಂದೆ ಅವ್ಳ ಕಾಲುಂಗ್ರ ಇಡ್ಬೇಕು. ಇಲ್ದಿದ್ರೆ ನಾನು ಎಡೇನೇ ಇಡಲ್ಲ." ಹೇಳುತ್ತಾ ಅತ್ತ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೀಟು ಏಳಲಿಲ್ಲ. ಕೀಲಿ ಅರ್ಧ ತಿರುಗಿ ನಿಲ್ಲುತ್ತಿತ್ತು. ಎಣ್ಣೆ ಬಿಟ್ಟೆ, ಜಗ್ಗಿದೆ, ಕಾಲು ಕೊಟ್ಟು ಎಳೆದೆ. ಮಕ್ಕಳಿಗೆ ಸನ್ನೆಕೋಲಿನ ಪಾಠ ಹೇಳುವವನು ಸ್ಕ್ರೂಡ್ರೈವರ್ ಬಗ್ಗಿಸಿಕೊಂಡು ಕೂತೆ. ಕೊನೆಗೆ ಊರ ಪಕ್ಕದ ಸತ್ಯಮಂಗಲದ ಕಡೆಯಿಂದ ಒಬ್ಬ ಮೆಕ್ಯಾನಿಕ್ ಬಂದ. ಅವನೂ ಅರ್ಧ ಗಂಟೆ ಒದ್ದಾಡಿ ಬೆವರು ಒರೆಸಿಕೊಂಡ.

"ಏನ್ ಸಾರ್ ಇದು, ಮೇಲೆ ಯಾರೋ ಕೂತವ್ರೆ ಅನ್ನಂಗೈತೆ. ಲಾಕ್ ಒಡೆದ್ಬಿಡ್ಲಾ?"

"ಒಡೀಬ್ಯಾಡ ಕಣಪ್ಪ," ಎಂದ ಮಾವ. ನಿಧಾನವಾಗಿ ಬಂದು ಬೈಕಿನ ಪಕ್ಕ ನಿಂತ. ಎರಡೂ ಕೈ ಕೋಲಿನ ಮೇಲಿಟ್ಟು, ಅಭ್ಯಾಸದಂತೆ ಮೆಲ್ಲಗೆ ಕೇಳಿದ. "ಕುಂತ್ಕಂಡ್ಯಾ?"

ಸೀಟಿನ ಹಿಂಬದಿ ಕಿರ್ರೆಂದು ಎರಡು ಬೆರಳು ತಗ್ಗಿತು. ಲಾಕಿನಲ್ಲಿ ನಾನು ಹಿಡಿದಿದ್ದ ಕೀಲಿ ತಾನಾಗಿ ತಿರುಗಿದಂತೆ ತಿರುಗಿತು. ಸೀಟು ಎದ್ದಿತು.

"ಅಯ್ಯೋ, ಇದು ಕೆಳಕ್ ಒತ್ತಿದ್ರೆ ಬಿಡೋ ಲಾಕು ಸಾರ್! ನಾವು ಮೇಲಕ್ಕೇ ಎಳೀತಿದ್ವಿ," ಎಂದು ಮೆಕ್ಯಾನಿಕ್ ತಲೆ ಚಚ್ಚಿಕೊಂಡ. ಆದರೆ ಒತ್ತಿದ್ದು ಯಾರೆಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಲುಂಗುರ ಅಲ್ಲೇ ಇತ್ತು, ರೆಕ್ಸಿನ್ ಚೂರಿನಲ್ಲಿ ಸುತ್ತಿ. ಮಾವ ಅದನ್ನು ಕಣ್ಣಿಗೊತ್ತಿಕೊಂಡ.

"ಅತ್ತೇನೇ ಕೊಟ್ಲು ಅನ್ಕೋ ಮಾವ," ಎಂದೆ, ಸಮಾಧಾನಕ್ಕೆ.

"ಅವ್ಳಲ್ಲ ಕಣ್ಲಾ. ಅವ್ಳಾಗಿದ್ರೆ ಬಾಯ್ಬುಟ್ಟು ಹೇಳ್ತಿದ್ಲು." ಎದ್ದ ಸೀಟನ್ನು ಮೆಲ್ಲಗೆ ಮುಚ್ಚಿದ. "ಯಾರೋ ಪಾಪ. ಆವತ್ತು ಜಾಗ ಖಾಲಿ ಐತೆ ಅಂತ ಹತ್ಕಂಡ್ರು. ಎಲ್ಲಿ ಇಳೀಬೇಕೋ ಗೊತ್ತಾಗಿಲ್ಲ."

ಮರುದಿನ ಎಡೆ ಇಟ್ಟ. ಕಾಲುಂಗುರ ಅತ್ತೆಯ ಫೋಟೋ ಮುಂದಿತ್ತು. ಆರು ತಿಂಗಳಲ್ಲಿ ಮಾವನೂ ಹೋದ. ಬೈಕನ್ನು ಮಾರಲು ನನಗೆ ಮನಸ್ಸು ಬರಲಿಲ್ಲ. ಧೈರ್ಯ ಬರಲಿಲ್ಲ ಎಂದರೂ ಸರಿಯೇ.

ಬಂಕಿನ ಮಾತಿಗೆ ಬರುತ್ತೇನೆ. ಪೆಟ್ರೋಲ್ ಹಾಕಿಸಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಬೈಕ್ ಹತ್ತಿದೆ. ಸೀಟು ತಗ್ಗಿದ್ದು ತಿಳಿಯಿತು. "ಕೂತ್ಕೊಂಡ್ಯಾ?" ಎಂದೆ.

"ಹ್ಞೂಂ."

ಕನ್ನಡಿಯಲ್ಲಿ ನೋಡಿದೆ. ಹೆಂಡತಿ ದೂರದಲ್ಲಿ, ಟೈರಿಗೆ ಗಾಳಿ ತುಂಬಿಸುವ ಜಾಗದ ಹತ್ತಿರ, ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದಳು.

ಹಳೆಯ ನಾನಾಗಿದ್ದರೆ ಗಾಳಿಯ ಸದ್ದು ಎನ್ನುತ್ತಿದ್ದೆ. ಎಂಜಿನ್ ಇನ್ನೂ ಶುರುವಾಗಿರಲಿಲ್ಲ, ಗಾಳಿಯೂ ಇರಲಿಲ್ಲ. ಹೆದರಿಕೆಯಾಯಿತು. ಆದರೆ ಮಾವನ "ಪಾಪ" ನೆನಪಾಯಿತು. ತಿರುಗಿ ನೋಡದೆ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವಂತೆ ಹೇಳಿದೆ. "ಒಸಿ ಹಿಂದಕ್ಕೆ ಸರ್ಕೊಳ್ಳಿ. ನಮ್ಮೋಳೂ ಕೂತ್ಕೋಬೇಕು."

ಸೀಟು ಕಿರ್ರೆಂದಿತು. ಹೆಂಡತಿ ಬಂದು ಹತ್ತಿದಳು.

"ಕೂತಿದೀನಿ, ನಡೀರಿ," ಎಂದಳು. ಆಮೇಲೆ ನನ್ನ ಬೆನ್ನಿಗೆ ಒತ್ತಿಕೊಂಡು, "ಇದೇನ್ರೀ, ಇವತ್ತು ಜಾಗ ಇಷ್ಟೊಂದು ಇಕ್ಕಟ್ಟು?"