ಬಂಗುಡೆ ಮುಳ್ಳಿನ ನೆಲ

ಬಾಬು ಆಚಾರಿಯವರು ಹಲಗೆಯನ್ನು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದರು. “ತಣ್ಣಗೆ ಉಂಟು, ಒಣಗ್ಲಿಲ್ಲ. ಇನ್ನು ಹದಿನೈದು ದಿನ ಮಲಗಲಿ,” ಎಂದು ಬದಿಗಿಡುತ್ತಿದ್ದರು. ಹೀಗೆ ಮಲಗಿದ ಹಲಗೆಗಳಿಂದ ಸುಳ್ಯದ ನಮ್ಮ ಮನೆಯ ಜಗಲಿ ತುಂಬಿ, ಅಪ್ಪನ ರೋಗಿಗಳು ಅಂಗಳದಲ್ಲಿ ನಿಲ್ಲಬೇಕಾಯಿತು.

ಅಪ್ಪ ಡಾಕ್ಟರು. ಮಡಿಕೇರಿಯ ಯಾವುದೋ ಬಂಗಲೆಯಲ್ಲಿ ಚಿತ್ತಾರದ ಮರದ ನೆಲ ನೋಡಿ ಬಂದವರು, ಉಪ್ಪರಿಗೆಯ ಕೋಣೆಗೂ ಅಂಥದೇ ಬೇಕೆಂದು ಔಷಧಿ ಚೀಟಿಯ ಹಿಂದೆ ಗೀಚಿ ತೋರಿಸಿದರು. ಆಚಾರಿ ಚೀಟಿಯನ್ನು ತಿರುಗಿಸಿ ನೋಡಿದರು.

“ಇದೆಂತ ಡಾಕ್ಟ್ರೇ, ತಿಂದು ಬಿಟ್ಟ ಬಂಗುಡೆ ಮೀನಿನ ಮುಳ್ಳಿನ ಹಾಗೆ ಉಂಟು!”

ಚೀಟಿಯನ್ನು ಮಡಚಿ ಕಿಸೆಗೆ ಹಾಕಿ, “ಆಗ್ತದೆ. ಹಲಸಿನದ್ದು ಒಂದು ಸಾಲು, ಬೀಟೆಯದ್ದು ಒಂದು ಸಾಲು,” ಎಂದರು.

ಅಂಥ ನೆಲ ಅವರಿಗೂ ಮೊದಲನೆಯದು. ಅದು ಚೆನ್ನಾಗಿ ಬಂದರೆ ತಮ್ಮ ಬಂಗಲೆಯ ಇಡೀ ಮರದ ಕೆಲಸ ಅವರಿಗೇ ಎಂದು ಸಂಪಾಜೆಯ ತೋಟದ ಧನಿಗಳೊಬ್ಬರು ಮಾತು ಕೊಟ್ಟಿದ್ದರು. ಅರವತ್ತು ದಾಟಿದ ಆಚಾರಿಗೆ ಮೊಣಕಾಲು ಮಡಚಿದರೆ ಬಿಡಿಸಲು ಕಷ್ಟ. “ಆ ಬಂಗಲೆ ಒಂದು ಮಾಡಿ ಉಳಿ ಕೆಳಗಿಡುದು,” ಎನ್ನುತ್ತಿದ್ದರು.

ನಾನಾಗ ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಮನೆಯಲ್ಲೂ ಎದುರು ಪಕ್ಷವನ್ನು ಹುಡುಕುವ ಚಟ. ರಜೆಗೆ ಬಂದಾಗ ನೆಲ ಮುಗಿಯುತ್ತಾ ಬಂದಿತ್ತು. ನಾಲ್ಕೂ ಗೋಡೆಗಳ ಬುಡದಲ್ಲಿ ಒಂದು ಬೆರಳಿನಷ್ಟು ಸಂದು.

“ಇದು ಎಂತಕ್ಕೆ ಆಚಾರಿ?”

“ಮರಕ್ಕೆ ಉಸಿರು ಬೇಕಲ್ವಾ, ಸಣ್ಣ ಡಾಕ್ಟ್ರೇ.”

“ಕಡಿದು ಎರಡು ವರ್ಷ ಆದ ಮರಕ್ಕೆ ಉಸಿರಾ? ಮೂಗು ಎಲ್ಲಿ ಉಂಟು, ತೋರಿಸಿ.”

ಆಚಾರಿ ನಕ್ಕರು. “ಮೂಗು ನಾನು ನೋಡ್ಲಿಲ್ಲ. ಉಸಿರು ಉಂಟು.”

ಅಪ್ಪ ಮೇಲೆ ಬಂದಾಗ ನಾನು ವಾದ ಮಂಡಿಸಿದೆ: ಉಸಿರಾಡುವ ಮರವಾದರೆ ಮೊಳೆ ಹೊಡೆದಾಗ ಕಿರುಚಬೇಕಿತ್ತು, ಈ ಸಂದಿನಿಂದ ಲಾಭ ಜಿರಳೆಗೆ ಮಾತ್ರ. ಆಚಾರಿ ಮತ್ತೆ “ಉಸಿರು” ಎಂದರು. ಅವರಲ್ಲಿ ಬೇರೆ ಪದವಿರಲಿಲ್ಲ.

“ಮುಚ್ಚಿಬಿಡಿ ಆಚಾರಿ,” ಎಂದರು ಅಪ್ಪ.

ಎರಡು ದಿನ ಮೊಣಕಾಲೂರಿ ಮುಚ್ಚಿದರು. ನಾನು ಅದನ್ನು ಗೆಲುವೆಂದುಕೊಂಡೆ.

ಆಟಿ ತಿಂಗಳ ಜಡಿಮಳೆಯಲ್ಲಿ, ಹಿಗ್ಗಲು ಜಾಗವಿಲ್ಲದ ಆ ನೆಲ ನಟ್ಟನಡುವೆ ಉಬ್ಬಿ ಎದ್ದಿತು. ಮೊಳೆಗಳು ಕಿತ್ತು ಬಂದವು, ಬಾಗಿಲು ಅರ್ಧಕ್ಕೇ ನಿಂತಿತು. ಆಚಾರಿಗೆ ಹೇಳಿಕಳಿಸಿದೆವು. ಅವರು ಬಂದ ದಿನವೇ ಸಂಪಾಜೆಯ ಧನಿಗಳೂ ನೆಲ ನೋಡಲು ಬಂದುಬಿಟ್ಟರು.

“ಎಂತ ಮಾರಾಯ್ರೆ ಇದು! ಆಚಾರಿಗೆ ವಯಸ್ಸಾಯ್ತು ಅಲ್ವಾ?”

ಅಪ್ಪ ಕೆಮ್ಮಿದರು. ಆಚಾರಿ ನನ್ನ ಕಡೆ ನೋಡಿದರು, ಹೆಸರು ಹೇಳಲಿಲ್ಲ. ಯಾವ ವೇದಿಕೆಯಲ್ಲೂ ತಡವರಿಸದ ನಾನು, ಉಬ್ಬಿದ ಹಲಗೆಗಳನ್ನೇ ನೋಡುತ್ತಾ ನಿಂತೆ. ಧನಿಗಳು ಇಳಿದು ಹೋದರು.

ಅವರು ಹೋದ ಮೇಲೆ ನನಗೆ ಮಾತು ಬಂತು. “ಮಳೆಗಾಲದಲ್ಲಿ ಮರ ಹಿಗ್ಗುತ್ತದೆ ಅಂತ ಅಂದೇ ಹೇಳಬಾರದಿತ್ತಾ ಆಚಾರಿ?”

“ಅದನ್ನೇ ಅಲ್ವಾ ನಾನು ಹೇಳಿದ್ದು?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಮಳೆ ನಿಂತ ಮೇಲೆ ಬಂದು, ಹಲಗೆಗಳನ್ನೆಲ್ಲ ಬಿಡಿಸಿ, ಸಂದು ಬಿಟ್ಟು ಮತ್ತೆ ಕೂರಿಸಿದರು. ನೋಡಲು ಯಾರೂ ಬರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಗುಂಡ್ಯದಲ್ಲಿ, ಬಸ್ಸು ಚಹಾಕ್ಕೆಂದು ನಿಂತಾಗ. ಲಾರಿಯೊಂದರ ಬದಿಗೆ ಹಲಗೆ ಹೊಡೆಯುತ್ತಿದ್ದರು. ನಾನೇ ಸಂಪಾಜೆಗೆ ಹೋಗಿ, ತಪ್ಪು ನನ್ನದೆಂದು ಹೇಳುತ್ತೇನೆ ಎಂದೆ.

“ಅಲ್ಲಿ ನೆಲಕ್ಕೆ ಸಿಮೆಂಟು ಹಾಕಿ ಆಯ್ತು ಮಾರಾಯ್ರೆ. ಈಗ ಯಾರಿಗೆ ಹೇಳುದು?” ಎಂದರು. “ಆ ಕೊನೆ ಸ್ವಲ್ಪ ಹಿಡಿಯಿರಿ. ನನಗೆ ಒಬ್ಬನಿಗೆ ಆಗುದಿಲ್ಲ.”

ಹಿಡಿದೆ. ಬಸ್ಸು ಹಾರ್ನ್ ಹಾಕಿತು.

“ಬಿಡಬೇಡಿ, ಇನ್ನು ಎರಡು ಮೊಳೆ,” ಎಂದರು.

ಬಿಡಲಿಲ್ಲ. ಬಸ್ಸು ಹೊರಟುಹೋಯಿತು.